ಪುಟ್ಟ ಮಾಡೆಲ್ ಕಟ್ಟಡಕ್ಕೆ ನಿಜವಾದ ಇಟ್ಟಿಗೆ ಗೋಡೆ: ಒಂದು ಮಂಡಕ್ಕಿ ಭಟ್ಟಿ ಮಾಡುತ್ತಾ ಕಲಿಯೋಣ

ಮಾಡೆಲ್ ಕಟ್ಟಡದ ಇಟ್ಟಿಗೆ ಗೋಡೆ ಆಟಿಕೆಯ ಹಾಗೆ ಕಾಣುವುದಕ್ಕೆ ಬಹಳ ಸಲ ಒಂದೇ ಕಾರಣ. ಬಣ್ಣ ಹಾಕುವವರು ನಿಜವಾದ ಗೋಡೆಗೆ ಮುಖ ಒತ್ತಿಕೊಂಡು ನಿಂತವರ ಹಾಗೆ ಬಣ್ಣ ಹಾಕುತ್ತಾರೆ. ಕಡು ಕೆಂಪು ಇಟ್ಟಿಗೆ, ಅಚ್ಚ ಬಿಳಿ ಗೆರೆ, ಮತ್ತೆ ಕಡು ಕೆಂಪು ಇಟ್ಟಿಗೆ. ಆದರೆ ನೋಡುವವರು ಅಷ್ಟು ಹತ್ತಿರ ಇರುವುದಿಲ್ಲ. 1:24 ಅಳತೆಯ, ಅಂದರೆ ನಿಜದ ಇಪ್ಪತ್ತನಾಲ್ಕನೇ ಒಂದು ಭಾಗದಷ್ಟಿರುವ ಮಾಡೆಲ್ ಅನ್ನು 2 ಅಡಿ ದೂರದಿಂದ ನೋಡಿದರೆ, ಅದು ನಿಜವಾದ ಕಟ್ಟಡವನ್ನು 48 ಅಡಿ ದೂರದಿಂದ ನೋಡಿದ್ದಕ್ಕೆ ಸಮ. ರೈಲು ಮಾಡೆಲ್ ಮಾಡುವವರು ಬಳಸುವ 1:76 ಅಳತೆಯಲ್ಲಾದರೆ ಅದೇ 2 ಅಡಿ 152 ಅಡಿ ಆಗುತ್ತದೆ.

ಇದನ್ನು ಕಣ್ಣಾರೆ ನೋಡಿಯೇ ನಂಬಬೇಕು. ನಿಮ್ಮ ಓಣಿಯಲ್ಲಿ ಗಿಲಾವು ಮಾಡದ ಒಂದು ಇಟ್ಟಿಗೆ ಗೋಡೆ ಹುಡುಕಿ. ಮೊದಲು ಹತ್ತಿರ ಹೋಗಿ ನೋಡಿ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ, ಮತ್ತೆ ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ಗಾರೆಯ ಗೆರೆಗಳು ಮೆಲ್ಲಗೆ ಗೋಡೆಯೊಳಗೆ ಕರಗುತ್ತವೆ. ಕೆಂಪು ಬಣ್ಣ ಸ್ವಲ್ಪ ಬೂದಿ ಬೆರೆತಂತೆ ಮಂಕಾಗುತ್ತದೆ. ಬಿಡಿ ಇಟ್ಟಿಗೆಗಳ ಬದಲು ದೊಡ್ಡ ದೊಡ್ಡ ಕಲೆಗಳು ಕಾಣಿಸುತ್ತವೆ. ಒಂದು ಕಡೆ ಕಪ್ಪು, ಒಂದು ಕಡೆ ತಿಳಿ, ಬುಡದಲ್ಲಿ ಮಣ್ಣಿನ ಬಣ್ಣ. ನಾವು ಮಾಡೆಲ್ ಮೇಲೆ ತರಬೇಕಾದದ್ದು ಈ ನೋಟವನ್ನು. ಮುಂದೆ ಹೇಳುವ ಪ್ರತಿ ಹಂತದಲ್ಲೂ ಈ ದೂರದ ಲೆಕ್ಕ ನೆನಪಿರಲಿ.

ಯಾವ ಕಟ್ಟಡ ಆರಿಸಿಕೊಳ್ಳೋದು?

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲವಿತ್ತು. ಹಾಗಾಗಿ ಇಟ್ಟಿಗೆ ಅಂದ ಕೂಡಲೇ ಹತ್ತಿ ಮಿಲ್ಲು, ಅದರ ಎತ್ತರದ ಚಿಮಣಿ ನೆನಪಾಗುವುದು ಸಹಜ. ಅದನ್ನು ಎರಡನೇ ಅಥವಾ ಮೂರನೇ ಮಾಡೆಲ್ ಆಗಿ ಇಟ್ಟುಕೊಳ್ಳಿ. ಮಿಲ್ ಗೋಡೆ ಉದ್ದ, ಕಿಟಕಿಗಳು ಜಾಸ್ತಿ, ಮೊದಲ ಸಲ ಮಾಡುವವರಿಗೆ ಅರ್ಧದಲ್ಲೇ ಬೇಸರ ಬರುತ್ತದೆ.

ಕಲಿಯುವುದಕ್ಕೆ ನಮ್ಮೂರು ದಾವಣಗೆರೆಯ ಮಂಡಕ್ಕಿ (ಪುರಿ) ಹುರಿಯುವ ಭಟ್ಟಿಗಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕಟ್ಟಡ ಚಿಕ್ಕದು. ಒಂದು ಬಾಗಿಲು, ಒಂದೆರಡು ಗವಾಕ್ಷಿ, ಮೇಲೆ ತಗಡು ಅಥವಾ ಹಂಚು, ಪಕ್ಕದಲ್ಲಿ ಹೊಗೆ ಹೋಗುವ ಚಿಮಣಿ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಬೆಂಕಿ ಇದೆ, ಮಸಿ ಇದೆ. ಗೋಡೆಯ ಮೇಲೆ ವರ್ಷಗಟ್ಟಲೆ ಹೊಗೆ ಬರೆದ ಗುರುತುಗಳಿವೆ. ಬಣ್ಣದ ಕೆಲಸ ಕಲಿಯಲು ಬೇಕಾದ ಎಲ್ಲವೂ ಒಂದೇ ಗೋಡೆಯಲ್ಲಿ ಸಿಗುತ್ತದೆ.

ಮಂಡಕ್ಕಿ ಭಟ್ಟಿ ಏರಿಯಾಗೆ ಬೆಳಿಗ್ಗೆ ಹೋಗಿ. ಓರೆ ಬಿಸಿಲಿನಲ್ಲಿ ಇಟ್ಟಿಗೆಯ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನದ ಬೆಳಕಲ್ಲಿ ಗೋಡೆ ಚಪ್ಪಟೆ ಕಾಣುತ್ತದೆ. ಕೆಲಸ ಮಾಡುತ್ತಿರುವವರನ್ನು ಮೊದಲು ಕೇಳಿ: "ಅಣ್ಣಾ, ಗೋಡೆದೊಂದು ಫೋಟೋ ತಗೊಳ್ಳಲಾ?" ಒಪ್ಪಿದರೆ ಮೂರು ಥರದ ಫೋಟೋ ತೆಗೆಯಿರಿ. ಇಡೀ ಗೋಡೆ ದೂರದಿಂದ ಒಂದು. ಬಾಗಿಲಿನ ಸುತ್ತ ಒಂದು. ಗೋಡೆಗೆ ಒಂದು ಸ್ಕೇಲ್ ಅಥವಾ ಮೊಬೈಲ್ ಆನಿಸಿ, ಇಟ್ಟಿಗೆ ಅಳತೆ ತಿಳಿಯುವ ಹಾಗೆ ಹತ್ತಿರದಿಂದ ಒಂದು.

ಅಳತೆ ಮತ್ತು ಇಟ್ಟಿಗೆ ಕೂರಿಸುವ ಕ್ರಮ

ಬಣ್ಣಕ್ಕೆ ಮೊದಲು ಇದೇಕೆ ಅಂತ ಅನಿಸಬಹುದು. ಇಟ್ಟಿಗೆಯ ಸಾಲುಗಳು ತಪ್ಪಿದ್ದರೆ ಎಷ್ಟೇ ಒಳ್ಳೆಯ ಬಣ್ಣ ಹಾಕಿದರೂ ಗೋಡೆ ಸುಳ್ಳು ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಹಳೆಯ ಇಟ್ಟಿಗೆಯ ಅಳತೆ ಸುಮಾರು 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. ನಡುವೆ ಗಾರೆ ಸುಮಾರು 10 ಮಿಲಿಮೀಟರ್. 1:24 ಅಳತೆಗೆ ಇಳಿಸಿದರೆ ಇಟ್ಟಿಗೆಯ ಉದ್ದ ಸುಮಾರು 9.5 ಮಿ.ಮೀ., ದಪ್ಪ 3.2 ಮಿ.ಮೀ., ಗಾರೆ 0.4 ಮಿ.ಮೀ. ಅಂದರೆ ಗಾರೆ ಸೇರಿಸಿ ಉದ್ದ ಬದಿಗೆ 10 ಮಿ.ಮೀ., ತುದಿ ಬದಿಗೆ 5 ಮಿ.ಮೀ., ಎತ್ತರಕ್ಕೆ 3.6 ಮಿ.ಮೀ. ಅಂತ ಇಟ್ಟುಕೊಂಡರೆ ಲೆಕ್ಕ ತುಂಬಾ ಸುಲಭ. ಈ ಅಳತೆಯಲ್ಲಿ ಅರ್ಧ ಇಂಚು ಒಂದು ಅಡಿಗೆ ಸಮ. 10 ಅಡಿ ಗೋಡೆ ಅಂದರೆ 5 ಇಂಚು ಎತ್ತರ, ಸುಮಾರು 35 ಸಾಲು ಇಟ್ಟಿಗೆ.

ಇಟ್ಟಿಗೆ ಕೂರಿಸುವ ಕ್ರಮ ಗೋಡೆಯ ದಪ್ಪದ ಮೇಲೆ ಹೋಗುತ್ತದೆ. ನಾಲ್ಕೂವರೆ ಇಂಚಿನ ತೆಳು ಗೋಡೆಯಲ್ಲಿ ಇಟ್ಟಿಗೆಯ ಉದ್ದ ಬದಿ ಮಾತ್ರ ಕಾಣುತ್ತದೆ. 9 ಇಂಚಿನ ಗೋಡೆಯಲ್ಲಿ ಒಳಗಿನ ಮತ್ತು ಹೊರಗಿನ ಸಾಲನ್ನು ಕಟ್ಟಿ ಹಿಡಿಯಲು ಕೆಲವು ಇಟ್ಟಿಗೆಗಳನ್ನು ಅಡ್ಡ ಇಡಬೇಕು. ಆಗ ಹೊರಗಡೆ ಅವುಗಳ ತುದಿ ಕಾಣುತ್ತದೆ. ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷ್ ಬಾಂಡ್. ಒಂದು ಸಾಲು ಪೂರ್ತಿ ಉದ್ದ ಬದಿ, ಅದರ ಮೇಲಿನ ಸಾಲು ಪೂರ್ತಿ ತುದಿ, ಮತ್ತೆ ಉದ್ದ ಬದಿ. ಮಾಡೆಲ್ ಮಾಡುವ ಅನೇಕರು ಭಾರ ಹೊರುವ ದಪ್ಪ ಗೋಡೆಗೂ ಬರೀ ಉದ್ದ ಬದಿಯನ್ನೇ ಗೀಚುತ್ತಾರೆ. ಮೇಸ್ತ್ರಿ ಕೆಲಸ ಗೊತ್ತಿದ್ದವರು ಒಂದು ಕ್ಷಣದಲ್ಲಿ ಅದನ್ನು ಹಿಡಿಯುತ್ತಾರೆ.

ಮೂಲೆಯಲ್ಲಿ ಒಂದು ಸೂಕ್ಷ್ಮ ಇದೆ. ತುದಿ ಸಾಲು ಮೂಲೆಯಿಂದ ಶುರುವಾಗುವಾಗ ಮೊದಲು 5 ಮಿ.ಮೀ.ನ ಒಂದು ತುದಿ, ಆಮೇಲೆ 2.5 ಮಿ.ಮೀ.ನ ಒಂದು ಸಣ್ಣ ಚೂರು, ಅದಾದ ಮೇಲೆ ಎಲ್ಲವೂ 5 ಮಿ.ಮೀ. ಆ ಚೂರು ಇದ್ದರೆ ಮಾತ್ರ ಮೇಲಿನ ಸಂದು ಕೆಳಗಿನ ಸಂದಿನ ನೇರಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ: ಒಂದು ಗೋಡೆಯಲ್ಲಿ ಉದ್ದ ಬದಿಯ ಸಾಲು ಇದ್ದರೆ, ಮೂಲೆ ತಿರುಗಿದ ಮೇಲೆ ಅದೇ ಸಾಲು ತುದಿ ಸಾಲಾಗಬೇಕು. ಒಂದೇ ಇಟ್ಟಿಗೆ ಎರಡೂ ಕಡೆ ಕಾಣುತ್ತದಲ್ವಾ, ಅದಕ್ಕೆ.

ಗೋಡೆ ತಯಾರಿ

1:24 ಅಳತೆಗೆ 5 ಮಿ.ಮೀ. ಫೋಮ್ ಬೋರ್ಡ್ ಸಾಕು. ಸ್ಟೇಷನರಿ ಅಂಗಡಿಗಳಲ್ಲಿ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಾಮಾನು ಕೊಳ್ಳುವ ಕಡೆ ಕೇಳಿ. ಎರಡು ಕಡೆ ಕಾಗದ, ನಡುವೆ ಮೆತ್ತನೆಯ ಫೋಮ್ ಇರುವುದೇ ಬೇಕು. ಸನ್‌ಬೋರ್ಡ್ ಅದಕ್ಕಿಂತ ಗಟ್ಟಿ, ಗೆರೆ ಎಳೆಯಲು ಕೈಗೆ ಜಾಸ್ತಿ ಬಲ ಬೇಕು.

ಗೋಡೆಯ ಆಕಾರ ಕತ್ತರಿಸಿ, ಹೊರಮುಖದ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಸುಲಿದು ತೆಗೆಯಿರಿ. ಒಳಮುಖದ ಕಾಗದ ಹಾಗೇ ಇರಲಿ, ಗೋಡೆ ಡೊಂಕಾಗದಂತೆ ಅದು ಹಿಡಿಯುತ್ತದೆ. ಈಗ ಸ್ಟೀಲ್ ಸ್ಕೇಲ್ ಮತ್ತು ಶಾಯಿ ಮುಗಿದ ಬಾಲ್ ಪೆನ್ ತೆಗೆದುಕೊಳ್ಳಿ. ಒಂದೊಂದೇ 3.6 ಮಿ.ಮೀ. ಅಳೆಯುತ್ತಾ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ. ಅದರ ಬದಲು ಎರಡೂ ಅಂಚಿನಲ್ಲಿ 5 ಸಾಲಿಗೆ ಒಂದರಂತೆ ಪ್ರತಿ 18 ಮಿ.ಮೀ.ಗೆ ಗುರುತು ಹಾಕಿ, ನಡುವಿನದನ್ನು ಆಮೇಲೆ ತುಂಬಿಕೊಳ್ಳಿ. ಮೊದಲು ಅಡ್ಡ ಗೆರೆಗಳೆಲ್ಲ ಮುಗಿಸಿ. ಬಾಗಿಲ ಮೇಲೆ ಕಮಾನು ಇದ್ದರೆ ಅದರ ಇಟ್ಟಿಗೆಗಳನ್ನು ಇದಕ್ಕೂ ಮೊದಲೇ ಗೀಚಿಕೊಳ್ಳಿ. ನಿಂತ ಗೆರೆಗಳನ್ನು ಕೈಯಲ್ಲೇ ಎಳೆಯಬಹುದು. ಅಲ್ಪಸ್ವಲ್ಪ ಹೆಚ್ಚು ಕಡಿಮೆ ಆದರೆ ಕೈಯಿಂದ ಕಟ್ಟಿದ ಗೋಡೆಯ ಗುಣ ಬರುತ್ತದೆ. ಅಡ್ಡ ಗೆರೆ ಮಾತ್ರ ಮಟ್ಟವಾಗಿರಲಿ. ಮೇಸ್ತ್ರಿ ದಾರ ಕಟ್ಟಿಯೇ ಸಾಲು ಕೂರಿಸುವುದು.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಗೋಡೆಯ ಮೇಲೆ ಅಲ್ಲಲ್ಲಿ ಹಗುರವಾಗಿ ಒತ್ತಿ. ಇಟ್ಟಿಗೆಗೆ ಒರಟುತನ ಬರುತ್ತದೆ. ಕೆಲವು ಇಟ್ಟಿಗೆಗಳನ್ನು ಬೆರಳುಗುರಿನಿಂದ ಕೂದಲೆಳೆಯಷ್ಟು ಒಳಗೆ ಒತ್ತಿ. ಬಾಗಿಲಿನ ಅಂಚು, ಕೈಗಾಡಿ ತಾಗುವ ಮೂಲೆ, ಇಂಥ ಕಡೆ ಒಂದೆರಡು ಇಟ್ಟಿಗೆಯ ಮೂಲೆ ಮುರಿಯಿರಿ. ಹಳೆಯ ಟೂತ್ ಬ್ರಷ್‌ನಿಂದ ಪುಡಿ ಉದುರಿಸಿ.

ಈಗ ಒಂದು ಎಚ್ಚರಿಕೆ. ಫೋಮ್ ಮೇಲೆ ನೇರವಾಗಿ ಸ್ಪ್ರೇ ಡಬ್ಬಿಯ ಬಣ್ಣ ಹೊಡೆಯಬೇಡಿ. ಎನಾಮೆಲ್ ಮತ್ತು ಥಿನ್ನರ್ ಕೂಡ ಬೇಡ. ಅದರಲ್ಲಿರುವ ದ್ರಾವಕ ಫೋಮನ್ನು, ಥರ್ಮಾಕೋಲನ್ನು ಕರಗಿಸುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ತೆಳುವಾಗಿ ಒಂದು ಕೋಟ್ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಸಂದುಗಳಲ್ಲಿ ಅಂಟು ನಿಲ್ಲದಂತೆ ಬ್ರಷ್‌ನಿಂದ ಎಳೆದು ತೆಗೆಯಿರಿ, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಎಳೆದ ಗೆರೆ ಮುಚ್ಚಿಹೋಗುತ್ತದೆ.

ಬೇಕಾದ ಬಣ್ಣಗಳು

ಅಕ್ರಿಲಿಕ್ ಬಣ್ಣ ಸಾಕು. ಕ್ಯಾಮೆಲ್, ಫೆವಿಕ್ರಿಲ್ ಯಾವುದಾದರೂ ಆಗುತ್ತದೆ. ಬರ್ನ್ಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ರಾ ಅಂಬರ್ (ಮಂಕು ಕಂದು), ಬರ್ನ್ಟ್ ಅಂಬರ್ (ಗಾಢ ಕಂದು), ಬಿಳಿ, ಕಪ್ಪು. ಈ ಆರರಲ್ಲಿ ಇಡೀ ಭಟ್ಟಿ ಮುಗಿಯುತ್ತದೆ. ಕೆಂಪು ಟ್ಯೂಬ್ ಬೇಡವೇ ಬೇಡ. ಟ್ಯೂಬಿನ ಕೆಂಪು ಇಟ್ಟಿಗೆಯ ಕೆಂಪಲ್ಲ.

ಪೋಸ್ಟರ್ ಕಲರ್ ಅಗ್ಗ ಅಂತ ಅದನ್ನು ಬಳಸಬೇಡಿ. ಅದು ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ನಮ್ಮ ಕೆಲಸದಲ್ಲಿ ಒಂದರ ಮೇಲೊಂದು ತೆಳು ನೀರು ಬಣ್ಣ ಹಾಕುತ್ತಾ ಹೋಗಬೇಕು. ಕೆಳಗಿನ ಪದರ ಎದ್ದು ಬಂದರೆ ಎಲ್ಲ ಕಲಸಿ ಕೆಸರಾಗುತ್ತದೆ. ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ತಟ್ಟೆಯಲ್ಲೇ ಗಟ್ಟಿಯಾಗಿಬಿಡುತ್ತದೆ. ಅಗಲವಾದ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಇಟ್ಟು, ಅದರ ಮೇಲೆ ಬಟರ್ ಪೇಪರ್ ಹಾಸಿ, ಅಲ್ಲಿ ಬಣ್ಣ ಕಲಸಿಕೊಳ್ಳಿ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬಣ್ಣ ಹಸಿಯಾಗಿರುತ್ತದೆ. ಬಣ್ಣ ಹಚ್ಚುವಾಗ ಫ್ಯಾನ್ ಆಫ್ ಮಾಡಿದರೆ ಒಳ್ಳೆಯದು.

ಮೊದಲು ಗಾರೆ, ಆಮೇಲೆ ಇಟ್ಟಿಗೆ

ಇಡೀ ಗೋಡೆಗೆ ಮೊದಲು ಗಾರೆಯ ಬಣ್ಣ ಹಚ್ಚಿ. ಸಂದಿನ ಆಳಕ್ಕೂ ಹೋಗಬೇಕು. ದಪ್ಪ ಒಂದು ಕೋಟ್‌ಗಿಂತ ತೆಳು ಎರಡು ಕೋಟ್ ಮೇಲು.

ಯಾವ ಗಾರೆ ಅನ್ನುವುದನ್ನು ಇಲ್ಲೇ ತೀರ್ಮಾನ ಮಾಡಬೇಕು. ಸುಣ್ಣದ ಗಾರೆ ಆದರೆ ಹಳದಿ ಛಾಯೆಯ ಮಾಸಲು ಬಿಳಿ: ಬಿಳಿಗೆ ಓಕರ್, ಸ್ವಲ್ಪ ರಾ ಅಂಬರ್. ಸಿಮೆಂಟ್ ಗಾರೆ ಆದರೆ ತಣ್ಣನೆಯ ಬೂದು: ಬಿಳಿ, ಕಪ್ಪು, ಚಿಟಿಕೆ ಅಂಬರ್. ಮಣ್ಣಿನ ಗಾರೆ ಆದರೆ ಊರಿನ ಮಣ್ಣಿನದೇ ಬಣ್ಣ. ಹಳ್ಳಿ ಮನೆಗಳಲ್ಲಿ ಸುಟ್ಟ ಇಟ್ಟಿಗೆಯನ್ನು ಮಣ್ಣಲ್ಲೇ ಕೂರಿಸಿರುವುದು ಸಾಮಾನ್ಯ. ಯಾವುದೇ ಆದರೂ ಅಚ್ಚ ಬಿಳಿ ಬಳಸಬೇಡಿ. ನೀವು ಸರಿ ಅಂದುಕೊಂಡ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿಯೇ ಕಲಸಿ. 48 ಅಡಿ ದೂರದಿಂದ ನೋಡಿದ ಗಾರೆ ಇಟ್ಟಿಗೆಗಿಂತ ತುಸು ಮಾತ್ರ ತಿಳಿ.

ಇಟ್ಟಿಗೆಯ ಬಣ್ಣ ಕಲಸುವ ಮೊದಲು ಅದು ಹೇಗೆ ಬರುತ್ತದೆ ಅಂತ ತಿಳಿದಿದ್ದರೆ ಅನುಕೂಲ. ಜೇಡಿಮಣ್ಣಿನಲ್ಲಿರುವ ಕಬ್ಬಿಣ ಗೂಡಿನ ಬಿಸಿಗೆ ಸುಟ್ಟು ಕೆಂಪಾಗುತ್ತದೆ. ಆದರೆ ಗೂಡಿನೊಳಗೆ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆಂಕಿಗೆ ಹತ್ತಿರ ಇದ್ದದ್ದು ಜಾಸ್ತಿ ಬೆಂದು ನೇರಳೆ ಕಪ್ಪಾಗುತ್ತದೆ. ಹೊರ ಅಂಚಿನಲ್ಲಿದ್ದದ್ದು ಕಡಿಮೆ ಬೆಂದು ತಿಳಿ ಕಿತ್ತಳೆಯಾಗಿ ಉಳಿಯುತ್ತದೆ. ಎಲ್ಲ ಒಂದೇ ಲೋಡಿನಲ್ಲಿ ಬರುತ್ತವೆ, ಒಂದೇ ಗೋಡೆಯಲ್ಲಿ ಕೂರುತ್ತವೆ. ಅಂದರೆ ನಿಮಗೆ ಬೇಕಾದದ್ದು ಒಂದೇ ಕುಟುಂಬದ ಮೂರು ಬಣ್ಣ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಣ್ಣ ಬೇಡ.

ಮುಖ್ಯ ಬಣ್ಣ: ಮೂರು ಪಾಲು ಬರ್ನ್ಟ್ ಸಿಯೆನಾ, ಒಂದು ಪಾಲು ಓಕರ್, ಸ್ವಲ್ಪ ರಾ ಅಂಬರ್, ಸ್ವಲ್ಪ ಬಿಳಿ. ಬಿಳಿ ಹಾಕುವುದು ದೂರದ ಮಂಕು ಬರಲಿ ಅಂತ. ಇದರಿಂದಲೇ ಒಂದು ಭಾಗ ತೆಗೆದು ಓಕರ್ ಮತ್ತು ಬಿಳಿ ಸೇರಿಸಿದರೆ ಕಡಿಮೆ ಬೆಂದ ಇಟ್ಟಿಗೆ. ಇನ್ನೊಂದು ಭಾಗಕ್ಕೆ ಬರ್ನ್ಟ್ ಅಂಬರ್ ಮತ್ತು ಒಂದು ತೊಟ್ಟು ಕಪ್ಪು ಸೇರಿಸಿದರೆ ಜಾಸ್ತಿ ಬೆಂದದ್ದು. ಮೂರಕ್ಕೂ ತಾಯಿ ಬಣ್ಣ ಒಂದೇ ಆದ್ದರಿಂದ ಗೋಡೆ ಒಡೆದು ಕಾಣುವುದಿಲ್ಲ.

ಹಚ್ಚುವುದಕ್ಕೆ ಬ್ರಷ್‌ಗಿಂತ ಸ್ಪಂಜ್ ಒಳ್ಳೆಯದು. ಮೇಕಪ್ ಸ್ಪಂಜಿನ ತುಂಡಿಗೆ ಬಣ್ಣ ಅದ್ದಿ, ಹಳೆಯ ಪೇಪರ್ ಮೇಲೆ ತಟ್ಟಿ ತಟ್ಟಿ ಹೆಚ್ಚಿನದನ್ನು ತೆಗೆಯಿರಿ. ಇನ್ನೇನು ಬಣ್ಣ ಉಳಿದೇ ಇಲ್ಲ ಅನ್ನಿಸಿದಾಗ ಗೋಡೆಗೆ ತಟ್ಟಿ. ಬಣ್ಣ ಇಟ್ಟಿಗೆಯ ಮುಖಕ್ಕೆ ಮಾತ್ರ ತಾಗುತ್ತದೆ, ಸಂದಿಗೆ ಇಳಿಯುವುದಿಲ್ಲ. ಒತ್ತಬೇಡಿ, ಉಜ್ಜಬೇಡಿ. ಒಂದು ಸುತ್ತಿನಲ್ಲಿ ಗೋಡೆ ಪೂರ್ತಿ ಮುಚ್ಚದಿದ್ದರೆ ಗಾಬರಿ ಬೇಡ. ಒಣಗಲು ಬಿಟ್ಟು ಮತ್ತೊಂದು ಸುತ್ತು ತಟ್ಟಿ. ಅಲ್ಲಲ್ಲಿ ತಳದ ಬಣ್ಣ ಇಣುಕುತ್ತಿದ್ದರೆ ಅದೂ ಚೆಂದ.

ಬಿಡಿ ಇಟ್ಟಿಗೆಗಳು

ಕೈ ಹಿಡಿತ ಇಟ್ಟುಕೊಳ್ಳಬೇಕಾದ ಹಂತ ಇದು. ಸೊನ್ನೆ ನಂಬರ್ ಬ್ರಷ್‌ನಿಂದ, ಹತ್ತರಲ್ಲಿ ಒಂದು ಇಟ್ಟಿಗೆಯಷ್ಟನ್ನು ಬೇರೆ ಛಾಯೆಗೆ ತಿರುಗಿಸಿ. ಬಣ್ಣಕ್ಕೆ ನೀರು ಜಾಸ್ತಿ ಇರಲಿ, ಕೆಳಗಿನದು ಕಾಣುವಂತಿರಲಿ. ಮೊದಲು ಗಾಢ ಛಾಯೆ, ಒಣಗಿದ ಮೇಲೆ ತಿಳಿ ಛಾಯೆ.

ನಮ್ಮ ಕೈ ತನಗೆ ಗೊತ್ತಿಲ್ಲದೆ ಸಮ ಅಂತರದಲ್ಲಿ ಚುಕ್ಕಿ ಇಡುತ್ತಾ ಹೋಗುತ್ತದೆ. ರಂಗೋಲಿ ಹಾಕಿದ ಹಾಗೆ ಆಗಿಬಿಡುತ್ತದೆ. ಅದನ್ನು ತಪ್ಪಿಸಲು ಎರಡು ದಾರಿ. ನೀವು ತೆಗೆದ ಫೋಟೋದಲ್ಲಿ ಯಾವ ಇಟ್ಟಿಗೆ ಕಪ್ಪಗಿದೆಯೋ ಅದನ್ನೇ ನೋಡಿಕೊಂಡು ಮಾಡುವುದು ಒಂದು. ಕೆಲವು ಕಡೆ ಎರಡು ಮೂರು ಗಾಢ ಇಟ್ಟಿಗೆಗಳನ್ನು ಒಟ್ಟಿಗೆ ಇಟ್ಟು, ಇನ್ನು ಕೆಲವು ಕಡೆ ದೊಡ್ಡ ಜಾಗವನ್ನು ಸುಮ್ನೆ ಬಿಡುವುದು ಇನ್ನೊಂದು. ನಿಜವಾದ ಗೋಡೆಯಲ್ಲೂ ಹಾಗೇ. ತಟ್ಟೆಯಲ್ಲಿ ಹೊತ್ತು ತಂದ ಇಟ್ಟಿಗೆಗಳು ಒಂದೇ ಕಡೆ ಸೇರಿಕೊಳ್ಳುತ್ತವೆ.

ಬ್ರಷ್ ಹಿಡಿದು ಅಭ್ಯಾಸ ಇಲ್ಲದವರಿಗೆ ಬಣ್ಣದ ಪೆನ್ಸಿಲ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಕಂದು, ಕಿತ್ತಳೆ ಕಂದು, ಬೂದು, ಮೂರು ಪೆನ್ಸಿಲ್. ಸೀಸ ಚೂಪಾಗಿರಲಿ, ಇಟ್ಟಿಗೆಯ ಮುಖದ ಮೇಲೆ ಹಗುರವಾಗಿ ತಿಕ್ಕಿ. ಮಕ್ಕಳ ಜೊತೆ ದಸರಾ ಗೊಂಬೆ ಹಬ್ಬಕ್ಕೆ ಮಾಡೆಲ್ ಮಾಡುತ್ತಿದ್ದರೆ ಈ ದಾರಿಯೇ ಸರಿ.

ಇಲ್ಲಿ ನಿಂತು ಒಂದು ಪರೀಕ್ಷೆ ಮಾಡಿ. ಗೋಡೆಯನ್ನು ಕಿಟಕಿ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪು ಬಿಳುಪು ಮಾಡಿ. ನಿಜವಾದ ಭಟ್ಟಿಯ ಫೋಟೋವನ್ನೂ ಹಾಗೇ ಮಾಡಿ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಗೋಡೆಯಲ್ಲಿ ಬಿಡಿ ಇಟ್ಟಿಗೆಗಳು ಚುಕ್ಕಿ ಚುಕ್ಕಿಯಾಗಿ ಎದ್ದು ಕಂಡರೆ ವ್ಯತ್ಯಾಸ ಜಾಸ್ತಿಯಾಗಿದೆ ಅಂತ ಅರ್ಥ. ಮುಖ್ಯ ಬಣ್ಣವನ್ನು ಸ್ಪಂಜಿನಿಂದ ಮೇಲೊಮ್ಮೆ ಹಗುರವಾಗಿ ತಟ್ಟಿದರೆ ತಗ್ಗುತ್ತದೆ.

ಎಲ್ಲವನ್ನೂ ಒಂದು ಮಾಡುವ ತೆಳು ನೀರು

ಈಗ ಗೋಡೆ ಚೆನ್ನಾಗಿದೆ, ಆದರೆ ಹೊಸದಾಗಿದೆ. ಗಾರೆ ಬೇರೆ, ಇಟ್ಟಿಗೆ ಬೇರೆ ಕಾಣುತ್ತಿದೆ. ರಾ ಅಂಬರ್, ಸ್ವಲ್ಪ ಬಿಳಿ, ಚಿಟಿಕೆ ಕಪ್ಪು ಕಲಸಿ ಧೂಳಿನ ಬಣ್ಣ ಮಾಡಿಕೊಳ್ಳಿ. ಒಂದು ಪಾಲು ಬಣ್ಣಕ್ಕೆ ಎಂಟು ಹತ್ತು ಪಾಲು ನೀರು. ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಹಾಕಿ. ಅದರಿಂದ ಬಣ್ಣದ ನೀರು ಹನಿಹನಿಯಾಗಿ ನಿಲ್ಲದೆ ಸಂದುಗಳಿಗೆ ಸರಾಗವಾಗಿ ಹರಿಯುತ್ತದೆ.

ಗೋಡೆಯನ್ನು ಮಲಗಿಸಿ ಅಗಲ ಬ್ರಷ್‌ನಿಂದ ಪೂರ್ತಿ ಹಚ್ಚಿ. ಒಂದು ನಿಮಿಷ ಬಿಟ್ಟು, ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಓರೆಯಾಗಿ ಒರೆಸಿ. ಅಡ್ಡ ಅಥವಾ ಉದ್ದ ಒರೆಸಿದರೆ ಬಟ್ಟೆ ಸಂದಿನ ಒಳಗೇ ಓಡಿ, ಅಲ್ಲಿನ ಬಣ್ಣವನ್ನೂ ಎತ್ತಿಕೊಳ್ಳುತ್ತದೆ. ಓರೆಯಾಗಿ ಒರೆಸಿದರೆ ಮುಖದ ಬಣ್ಣ ಮಾತ್ರ ಹೋಗಿ ಸಂದಿನದು ಉಳಿಯುತ್ತದೆ. ಒಣಗಿದ ಮೇಲೆ ಎರಡು ಅಡಿ ದೂರ ಇಟ್ಟು ನೋಡಿ. ಗೆರೆಗಳು ಇನ್ನೂ ಕೂಗಿ ಹೇಳಿದ ಹಾಗಿದ್ದರೆ ಇದೇ ಕೆಲಸ ಇನ್ನೊಂದು ಸಲ.

ಗಾರೆ ತೀರಾ ಮುಚ್ಚಿಹೋಗಿದ್ದರೆ ದಾರಿ ಇದೆ. ಗಾರೆಯ ಬಣ್ಣಕ್ಕೆ ಟಾಲ್ಕಂ ಪೌಡರ್ ಬೆರೆಸಿ ಮೊಸರಿನ ಹದಕ್ಕೆ ತನ್ನಿ. ಬೆರಳಿನಿಂದ ಸಂದುಗಳಿಗೆ ತುಂಬಿ, ಕೂಡಲೇ ಓರೆಯಾಗಿ ಒರೆಸಿ. ಹೊಸದಾಗಿ ಪಾಯಿಂಟಿಂಗ್ ಮಾಡಿದ (ಸಂದುಗಳಿಗೆ ಗಾರೆ ತುಂಬಿದ) ಗೋಡೆ ತೋರಿಸಬೇಕಿದ್ದರೂ ಇದೇ ವಿಧಾನ.

ಹೊಗೆ, ಮಣ್ಣು, ನೀರು

ಭಟ್ಟಿ ಭಟ್ಟಿಯಾಗುವುದು ಇಲ್ಲಿ. ಕೈಗೆ ಬಂದ ಹಾಗೆ ಕಪ್ಪು ಮೆತ್ತಿದರೆ ಆಗುವುದಿಲ್ಲ. ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಹೊಗೆ ಎಲ್ಲಿಂದ ಬರುತ್ತದೆ, ಮಳೆ ಎಲ್ಲಿ ಬೀಳುತ್ತದೆ, ಜನ ಎಲ್ಲಿ ಕೈ ಊರುತ್ತಾರೆ, ಇವನ್ನು ಕೇಳಿಕೊಂಡೇ ಬ್ರಷ್ ಎತ್ತಬೇಕು.

ಒಲೆಯ ಬಾಯಿಯಿಂದ ಹೊಗೆ ಮೇಲಕ್ಕೆ ಏಳುತ್ತದೆ. ಬಾಯಿಯ ಮೇಲಂಚು ಎಲ್ಲಕ್ಕಿಂತ ಕಪ್ಪು. ಅಲ್ಲಿಂದ ಮೇಲೆ ಹೋದಂತೆ ಕಲೆ ಅಗಲವಾಗುತ್ತದೆ, ತೆಳುವಾಗುತ್ತದೆ. ಸೂರಿನ ಕೆಳಗೆ ತಡೆ ಸಿಕ್ಕಿ ಮತ್ತೆ ದಟ್ಟವಾಗುತ್ತದೆ. ಬಾಗಿಲು, ಗವಾಕ್ಷಿಗಳ ಮೇಲ್ಭಾಗದಲ್ಲೂ ಹೀಗೇ, ಯಾಕೆಂದರೆ ಒಳಗಿನ ಹೊಗೆ ಅಲ್ಲಿಂದ ಹೊರಗೆ ಬರುತ್ತದೆ. ಚಿಮಣಿಯ ತುದಿ ಕಪ್ಪು, ನಡುವೆ ಇಟ್ಟಿಗೆ ಬಣ್ಣ ಕಾಣುತ್ತದೆ. ತುದಿಯಿಂದ ಮಳೆ ನೀರು ಇಳಿದ ಕಡೆ ಉದ್ದ ಗೆರೆಗಳಿರುತ್ತವೆ.

ಮಸಿಗೆ ಬರೀ ಕಪ್ಪು ಬಳಸಿದರೆ ಗೋಡೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಕಪ್ಪಿಗೆ ಬರ್ನ್ಟ್ ಅಂಬರ್ ಬೆರೆಸಿ ಕಂದುಗಪ್ಪು ಮಾಡಿಕೊಳ್ಳಿ. ಮೊದಲ ಪದರ ತೀರಾ ತೆಳು ನೀರು. ಒಣಗಿದ ಮೇಲೆ ಇದ್ದಿಲ ಪುಡಿ ಅಥವಾ ಕಪ್ಪು ಸಾಫ್ಟ್ ಪೇಸ್ಟಲ್ ಅನ್ನು ಉಜ್ಜುವ ಕಾಗದದ ಮೇಲೆ ತಿಕ್ಕಿ ಪುಡಿ ಮಾಡಿ, ಮೆತ್ತನೆಯ ಒಣ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತಾ ಹೋಗಿ. ಕೈಯ ಚಲನೆ ಹೊಗೆಯ ದಿಕ್ಕಿನಲ್ಲೇ ಇರಲಿ. ಮಸಿಯ ಅಂಚು ಎಲ್ಲೂ ಗೆರೆ ಎಳೆದಂತೆ ನಿಲ್ಲಬಾರದು.

ಗೋಡೆಯ ಬುಡಕ್ಕೆ ಬನ್ನಿ. ಮಳೆ ಹನಿ ನೆಲಕ್ಕೆ ಬಡಿದು ಮಣ್ಣನ್ನು ಒಂದು ಒಂದೂವರೆ ಅಡಿ ಎತ್ತರಕ್ಕೆ ಸಿಡಿಸುತ್ತದೆ. 1:24ರಲ್ಲಿ ಅದು 12ರಿಂದ 19 ಮಿ.ಮೀ. ಊರಿನ ಮಣ್ಣಿಗೆ ತಕ್ಕ ಬಣ್ಣ ಇರಲಿ. ದಾವಣಗೆರೆ ಸುತ್ತಲಿನ ಎರೆ ಮಣ್ಣು ಆದರೆ ಬೂದುಗಪ್ಪು ಕಂದು. ಅದೇ ಕಟ್ಟಡವನ್ನು ಕೆಂಪು ಮಣ್ಣಿನ ಜಾಗದಲ್ಲಿ ಇಡುತ್ತೀರಾದರೆ ಓಕರ್ ಮತ್ತು ಸಿಯೆನಾ. ಹಳೆಯ ಟೂತ್ ಬ್ರಷ್‌ಗೆ ಬಣ್ಣ ಅದ್ದಿ ಹೆಬ್ಬೆರಳಿನಿಂದ ಮೀಟಿದರೆ ಸಣ್ಣ ಹನಿಗಳು ಸಿಡಿಯುತ್ತವೆ. ಮೇಲಿನ ಭಾಗಕ್ಕೆ ಕಾಗದ ಅಡ್ಡ ಹಿಡಿದಿರಲಿ.

ಅದರ ಮೇಲೆ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಹಳೆಯ ಗೋಡೆಗಳಲ್ಲಿ ಬಿಳಿ ಉಪ್ಪಿನ ಪಟ್ಟಿ ಕಾಣುತ್ತದೆ. ನೆಲದ ತೇವ ಇಟ್ಟಿಗೆಯೊಳಗೆ ಮೇಲೇರಿ ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಬಿಳಿಗೆ ಸ್ವಲ್ಪ ಬೂದು ಸೇರಿಸಿ, ಬಹುತೇಕ ಒಣಗಿದ ಬ್ರಷ್‌ನಿಂದ ಏರುಪೇರಾಗಿ ಒಂದು ಪಟ್ಟಿ ಎಳೆಯಿರಿ. ಎಲ್ಲ ಗೋಡೆಗೂ ಬೇಡ. ಬಚ್ಚಲ ನೀರು ಹೋಗುವ ಕಡೆ, ತೊಟ್ಟಿ ಪಕ್ಕದಲ್ಲಿ ಸಾಕು. ತೇವ ನಿಲ್ಲುವ ಮೂಲೆಯಲ್ಲಿ ಹಸಿರುಗಪ್ಪು ಪಾಚಿಯೂ ಇರಲಿ, ತೀರಾ ಕಡಿಮೆ.

ಬಾಗಿಲ ಪಕ್ಕ ಕೈ ತಾಗುವ ಎತ್ತರದಲ್ಲಿ ಸ್ವಲ್ಪ ಜಿಡ್ಡಿನ ಕಪ್ಪು. ಎಲ್ಲೋ ಒಂದು ಕಡೆ ಸಿಮೆಂಟ್ ಮೆತ್ತಿ ರಿಪೇರಿ ಮಾಡಿದ ಬೂದು ತೇಪೆ. ಇಷ್ಟು ಸಾಕು. ಗೋಡೆ ಎಷ್ಟು ಹಳೆಯದಾದರೂ ಕಾಲು ಭಾಗ ಸ್ವಚ್ಛ ಇಟ್ಟಿಗೆ ಕಾಣುತ್ತಿರಬೇಕು. ಇಲ್ಲದಿದ್ದರೆ ಮಸಿ ಮಸಿಯಾಗಿ ಕಾಣುವುದಿಲ್ಲ.

ಸಣ್ಣ ಅಳತೆಯ ಮಾಡೆಲ್ ಆದರೆ

ರೈಲು ಮಾಡೆಲ್ ಮಾಡುವವರು 1:76 ಅಥವಾ 1:87ರಲ್ಲಿ ಕೆಲಸ ಮಾಡುತ್ತಾರೆ. 1:76ರಲ್ಲಿ ಇಟ್ಟಿಗೆ 3 ಮಿ.ಮೀ. ಉದ್ದ, 1 ಮಿ.ಮೀ. ದಪ್ಪ. ಗಾರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು. ಇದನ್ನು ಕೈಯಲ್ಲಿ ಗೀಚಲು ಹೋಗಬೇಡಿ, ಇಟ್ಟಿಗೆ ಅಚ್ಚು ಬಿದ್ದ ಪ್ಲಾಸ್ಟಿಕ್ ಹಾಳೆ ತರಿಸಿಕೊಳ್ಳಿ. ಅಚ್ಚಿನ ಎಣ್ಣೆ ಹೋಗಲು ಸೋಪಿನಲ್ಲಿ ತೊಳೆದು ಒಣಗಿಸಿ, ಪ್ರೈಮರ್ ಹಚ್ಚಿ. ಇಲ್ಲಿ ಕ್ರಮ ಉಲ್ಟಾ. ಮೊದಲು ಇಟ್ಟಿಗೆ ಬಣ್ಣ, ಆಮೇಲೆ ತೆಳು ಗಾರೆ ನೀರು ಬಿಟ್ಟು ಓರೆಯಾಗಿ ಒರೆಸುವುದು. ಹಂಬ್ರಾಲ್ ಕಂಪನಿಯ ಎನಾಮೆಲ್ಲಿನ 70ನೇ ನಂಬರ್ ಇಟ್ಟಿಗೆ ಕೆಂಪು ಬಣ್ಣವೇ ಆಗಿರುವುದರಿಂದ ತಳಕ್ಕೆ ಅನುಕೂಲ, ಆದರೆ ಅದಕ್ಕೂ ಸ್ವಲ್ಪ ಬಿಳಿ, ಸ್ವಲ್ಪ ಕಂದು ಬೆರೆಸಿ ಮಂಕು ಮಾಡಿ. ಬಿಡಿ ಇಟ್ಟಿಗೆಗೆ ಪೆನ್ಸಿಲ್ ಸಾಕು. 1:160ಕ್ಕೆ ಇಳಿದರೆ ಗಾರೆಯ ಗೆರೆಯನ್ನೇ ಬಿಟ್ಟುಬಿಡಿ. ಎರಡು ಅಡಿ ಅಂದರೆ ಅಲ್ಲಿ 320 ಅಡಿ ದೂರ.

ಚಿತ್ರದುರ್ಗದ ಕಡೆಯವರು ಕೋಟೆ ಮಾಡಲು ಆಸೆಪಡುವುದು ಸಹಜ. ಅಲ್ಲಿ ಇಟ್ಟಿಗೆ ಲೆಕ್ಕ ನಡೆಯುವುದಿಲ್ಲ. ಕಲ್ಲುಗಳ ನಡುವೆ ಗಾರೆಯ ಬಿಳಿ ಗೆರೆ ಇಲ್ಲ, ನೆರಳಿನ ಗೆರೆ ಮಾತ್ರ. ಹಾಗಾಗಿ ತಳಕ್ಕೆ ಗಾಢ ಕಂದು ಹಚ್ಚಿ, ಮೇಲೆ ಬೂದು ಮತ್ತು ನಸುಗೆಂಪು ಕಲ್ಲಿನ ಬಣ್ಣ ತಟ್ಟಬೇಕು. ಕೋಟೆಯೊಳಗಿನ ಟಂಕಸಾಲೆಯ (ನಾಣ್ಯ ಅಚ್ಚು ಹಾಕುತ್ತಿದ್ದ ಜಾಗ) ಎತ್ತರದ ಮಣ್ಣಿನ ಗೋಡೆಗಳಿಗೆ ಓಕರ್ ಮುಖ್ಯ. ಸ್ಪಂಜ್, ತೆಳು ನೀರು, ಓರೆ ಒರೆಸು, ಈ ಮೂರು ಅಲ್ಲಿಯೂ ಕೆಲಸಕ್ಕೆ ಬರುತ್ತವೆ.

ಕೊನೆಯ ಕೋಟ್

ಇಟ್ಟಿಗೆ ಹೊಳೆಯಬಾರದು. ಮ್ಯಾಟ್ ವಾರ್ನಿಶ್ ಮಾತ್ರ ಬಳಸಿ. ಫೋಮ್ ಗೋಡೆಗೆ ನೀರಿನಲ್ಲಿ ಬೆರೆಯುವ ಮ್ಯಾಟ್ ವಾರ್ನಿಶ್ ಅನ್ನು ಬ್ರಷ್‌ನಿಂದ ಹಚ್ಚುವುದೇ ಕ್ಷೇಮ. ಕತ್ತರಿಸಿದ ಅಂಚು ಎಲ್ಲಾದರೂ ಮುಚ್ಚದೆ ಉಳಿದಿದ್ದರೆ ಸ್ಪ್ರೇ ಅಲ್ಲಿಂದ ಒಳಗೆ ತಿನ್ನುತ್ತದೆ. ಪ್ಲಾಸ್ಟಿಕ್ ಮಾಡೆಲ್‌ಗೆ ಸ್ಪ್ರೇ ಆಗುತ್ತದೆ, ಆದರೆ ಜಡಿಮಳೆಯ ತೇವದ ದಿನ ಹೊಡೆದರೆ ಬಿಳಿ ಮಬ್ಬು ಕಟ್ಟಿಕೊಳ್ಳಬಹುದು. ಬಿಸಿಲಿರುವ ದಿನ, ಗಾಳಿಯಾಡುವ ಕಡೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಹೊಡೆಯಿರಿ.

ವಾರ್ನಿಶ್ ತಾಗಿದರೆ ಇದ್ದಿಲ ಪುಡಿ, ಪೇಸ್ಟಲ್ ಪುಡಿ ಅರ್ಧದಷ್ಟು ಮಾಯವಾಗುತ್ತದೆ. ಹಾಗಾಗಿ ವಾರ್ನಿಶ್ ಮೊದಲು ಹಚ್ಚಿ, ಪೂರ್ತಿ ಒಣಗಿದ ಮೇಲೆ ಮಸಿಯ ಕೊನೆಯ ಪದರವನ್ನು ಮತ್ತೆ ಬಡಿಯಿರಿ. ಅದರ ಮೇಲೆ ಏನೂ ಬೇಡ. ಚಾವಣಿ ಕೂರಿಸಿದ ಮೇಲೆ ಗೋಡೆಯನ್ನು ಕೈಯಲ್ಲಿ ಹಿಡಿಯದೆ ತಳದ ಹಲಗೆ ಹಿಡಿದೇ ಎತ್ತಿ. ಧೂಳು ಕೂತಾಗ ಒಣಗಿದ ಮೆತ್ತನೆಯ ಬ್ರಷ್ ಬಳಸಿ, ಒದ್ದೆ ಬಟ್ಟೆ ಬೇಡ. ನೀವು ಕಲಸಿದ ಪ್ರತಿ ಬಣ್ಣವನ್ನೂ ಉಳಿದ ಫೋಮ್ ತುಂಡಿಗೆ ಹಚ್ಚಿ, ಹಿಂದೆ ಪಾಲಿನ ಲೆಕ್ಕ ಬರೆದು ಎತ್ತಿಡಿ. ಮಿಲ್ ಗೋಡೆ ಶುರು ಮಾಡುವಾಗ ಅದೇ ಬಣ್ಣ ಮತ್ತೆ ಕಲಸಬೇಕಾಗುತ್ತದೆ.